ಯಾರು ನೋಡ್ಕೋತಾರೆ?

ಕಾರಣ ಒಂದು ಸೋಪು. ಬಚ್ಚಲಲ್ಲಿ ಅದು ದೊಡ್ಡಮ್ಮನ ಕೈಯಿಂದ ಜಾರಿತು, ದೊಡ್ಡಮ್ಮ ಅದರ ಮೇಲೆ ಜಾರಿದಳು, ಬಲಗೈ ಮುರಿಯಿತು. ಆಸ್ಪತ್ರೆಯವರಿಗೆ ಆಕೆಯನ್ನು ಮಂಪರಿಗೆ ತಳ್ಳಿದ ಮೇಲೆ ಜ್ಞಾನೋದಯವಾಯಿತು.

"ಇವರ ಪರವಾಗಿ ಒಪ್ಪಿಗೆ ಕೊಡೋರು ಯಾರು?"

"ನಾನೇ. ಇವಳ ತಂಗಿ ಮಗ."

"ಅದಕ್ಕೆ ಕಾಗದ ಇದೆಯಾ?"

ತಂಗಿ ಮಗ ಅನ್ನುವುದಕ್ಕೆ ಯಾವ ಸುಡುಗಾಡು ಕಾಗದ ಇರುತ್ತದೆ? ಬ್ಯಾಂಕಿಗೆ ಹೋದರೆ ಅಲ್ಲೂ ಅದೇ ರಾಗ. ದೊಡ್ಡಮ್ಮನ ಸಹಿಯೇ ಬೇಕಂತೆ. ಸಹಿ ಮಾಡುವ ಕೈ ಪ್ಲಾಸ್ಟರಿನೊಳಗೆ ಮಲಗಿತ್ತು.

ಈ ತಂಗಿ ಮಗ ಫ್ರಿಜ್ ರಿಪೇರಿಯವನು. ಬೀದಿಯವರು ಅವನನ್ನು 'ಕೂಲಿಂಗ್' ಎಂದು ಕರೆಯುತ್ತಿದ್ದರು, ಏಕೆಂದರೆ ಆ ಬೀದಿಯಲ್ಲಿ ಅವನಷ್ಟು ಬೇಗ ಕಾಯುವ ತಲೆ ಇನ್ನೊಂದಿರಲಿಲ್ಲ. ಅಂಗಡಿಗೆ ಬೀಗ ಹಾಕಿ, ನಾಲ್ಕು ಮನೆಯ ಹಾಲು ಒಡೆಯಲು ಬಿಟ್ಟು, ದೊಡ್ಡಮ್ಮ ಆಸ್ಪತ್ರೆಯಿಂದ ಬಂದ ಮರುದಿನವೇ ಅವನು ವಕೀಲೆಯೊಬ್ಬರನ್ನು ಮನೆಗೇ ಕರೆಸಿದ. ನಾಳೆ ದೊಡ್ಡಮ್ಮನಿಗೆ ಕೈಲಾಗದಿದ್ದರೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಯಾರ ಮಾತು ನಡೆಯಬೇಕು, ಆಕೆ ಎಲ್ಲಿರಬೇಕು, ಎಲ್ಲ ಕಾನೂನಿನ ಪ್ರಕಾರ ಬರೆಸಿಬಿಡುವುದು. ಅಷ್ಟೇ ಕೆಲಸ.

ಆದರೆ ಪಕ್ಕದ ಮನೆಯಲ್ಲಿ ಹಾಜರ್ ತಾತ ಇದ್ದರಲ್ಲ! ಒಂಟಿ ಜೀವ. ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಕೆಲಸ ಮಾಡಿ ನಿವೃತ್ತರಾದವರು. ಕೆಲಸ ಹೋಗಿತ್ತು, ಗಂಟಲು ಹೋಗಿರಲಿಲ್ಲ. ಕಪ್ಪು ಕೋಟು ಮೆಟ್ಟಿಲೇರಿದ್ದೇ ತಡ, ಬೀದಿಯ ಕೊನೆಯವರೆಗೂ ಕೇಳಿಸಿತು.

"ಕೂಲಿಂಗ್ ಮನೆಗೆ ವಕೀಲರು ಬಂದ್ರು! ಅವರ ದೊಡ್ಡಮ್ಮ ಉಯಿಲು ಬರೆಸ್ತಿದಾರೇ!"

ಹತ್ತು ನಿಮಿಷದಲ್ಲಿ ಎದುರು ಮನೆಯ ಟೀಚರಮ್ಮ ಮೂಸಂಬಿ ಹಿಡಿದು ಬಂದರು. ಹಿಂದೆಯೇ ಇಸ್ತ್ರಿಯವನು, ಕೆಂಡ ಆರಿಸದೆ.

"ಏನಪ್ಪಾ, ಡಾಕ್ಟರು ಕೈ ಬಿಟ್ರಾ?" ಟೀಚರಮ್ಮ ಕಣ್ಣೊರೆಸಿಕೊಂಡರು.

"ಕೈ ಬಿಟ್ಟಿಲ್ಲ ಕಣ್ರೀ, ಕೈಗೆ ಪ್ಲಾಸ್ಟರ್ ಹಾಕಿದಾರೆ! ಸೋಪಲ್ಲಿ ಜಾರಿದ್ಲು!"

"ಸೋಪು ಒಂದು ನೆಪ. ಬರೋ ಕಾಲ ಬಂದ್ರೆ..." ಎಂದು ಇಸ್ತ್ರಿಯವನು ನಿಟ್ಟುಸಿರು ಬಿಟ್ಟ.

ಕೂಲಿಂಗ್ ಹಲ್ಲು ಕಡಿಯುತ್ತ ಒಳಗೆ ಹೋದರೆ ವಕೀಲೆ ಪೆನ್ನಿನ ತುದಿಯಿಂದಲೇ ಬಾಗಿಲು ತೋರಿಸಿದರು.

"ನೀವು ಆಚೆ ಇರಿ."

"ಮೇಡಂ, ನಿಮ್ಮನ್ನ ಕರೆಸಿದ್ದು ನಾನು."

"ಇರಬಹುದು. ನಾನು ಇವರ ವಕೀಲೆ, ನಿಮ್ಮ ವಕೀಲೆ ಅಲ್ಲ. ಇವರ ಮನಸ್ಸಲ್ಲಿ ಏನಿದೆ ಅಂತ ಇವರೊಬ್ಬರ ಹತ್ರಾನೇ ಕೇಳಬೇಕು."

ಸ್ವಂತ ಮನೆಯಿಂದ ಕತ್ತು ಹಿಡಿದು ದಬ್ಬಿಸಿಕೊಂಡವನಂತೆ ಅವನು ಹೊರಬಂದು ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿದ.

"ಅವನು ಹುಟ್ಟಿದಾಗಿಂದ ಸಾಕಿದೀನಿ," ದೊಡ್ಡಮ್ಮನ ದನಿ. "ಆದ್ರೆ ಏನು ಕೇಳಿದ್ರೂ ಉರಿದುಬೀಳ್ತಾನೆ. 'ನಿನ್ನ ನೋಡ್ಕೋತೀನಿ' ಅಂತ ಒಂದು ದಿನ ಬಾಯಿಬಿಟ್ಟು ಹೇಳಿಲ್ಲ. ಅವನಿಗೆ ನಾನು ಭಾರ ಅನ್ನಿಸಿದ್ರೆ ಯಾಕೆ ಬೇಕು? ಆಶ್ರಮಕ್ಕೆ ಹೋಗಿಬಿಡ್ತೀನಿ. ಹಾಗೇ ಬರೀರಿ."

ದಿನಾ ಅವಳ ತಲೆ ಬಾಚುವವನು, ಮಾತ್ರೆ ನುಂಗಿಸುವವನು, ಬಾಯಿಬಿಟ್ಟು ಬೇರೆ ಹೇಳಬೇಕಂತೆ! ಹೇಳಿಯೇಬಿಡೋಣ ಎಂದು ಬಾಗಿಲು ತಟ್ಟಲು ಕೈಯೆತ್ತಿದ. ತಟ್ಟುವ ಬದಲು ಚಿಲಕದ ಧೂಳು ಒರೆಸಿದ. ಅಷ್ಟರಲ್ಲಿ ಹಾಜರ್ ತಾತ ಮೆಟ್ಟಿಲ ಮೇಲಿಂದ ಅವನ ಭುಜದಾಚೆ ಕತ್ತು ಚಾಚಿ ಕೂಗಿದರು.

"ಮೇಡಂ! ಹುಡುಗನಿಗೆ ಸಿಟ್ಟು ಜಾಸ್ತಿ! ಅದನ್ನೂ ಸೇರಿಸ್ಕೊಳ್ಳಿ!"

ಕೂಲಿಂಗ್‌ನ ಫ್ಯೂಸು ಹಾರಿತು. ಇಷ್ಟು ವರ್ಷ ತಾತನಿಗೆ 'ನೀವು' ಎಂದು ಮರ್ಯಾದೆ ಕೊಟ್ಟಿದ್ದ ಬಾಯಿ ತಾತನ ಮುಖದೆದುರೇ ಹದ ತಪ್ಪಿತು.

"ನಿನ್ನ ನೋಡ್ಕೋತೀನಿ! ಇವತ್ತಲ್ಲ ನಾಳೆಯಲ್ಲ, ಜೀವ ಇರೋವರೆಗೂ ನೋಡ್ಕೋತೀನಿ! ಎಲ್ಲಿಗೂ ಬಿಡಲ್ಲ ನಿನ್ನ!"

ಬಾಗಿಲು ತೆರೆಯಿತು. ಕುರ್ಚಿಯಲ್ಲಿ ದೊಡ್ಡಮ್ಮ ಗಳಗಳ ಅಳುತ್ತಿದ್ದಳು.

"ಹೇಳಿದ ನೋಡಿ ಮೇಡಂ! ನನಗೇ ಹೇಳಿದ್ದು. ಈ ಬೀದೀಲಿ ಅವನು 'ನೀನು' ಅನ್ನೋದು ನನಗೊಬ್ಬಳಿಗೇ. ಆಶ್ರಮ ಹೊಡೆದುಹಾಕಿ. ಎಲ್ಲಾ ಇವನ ಕೈಗೇ ಬರೀರಿ. ನಾನು ಇಲ್ಲೇ ಇರ್ತೀನಿ."

ವಕೀಲೆ ಬರೆದರು. ಎಡಗೈಯ ಹೆಬ್ಬೆಟ್ಟು ಬಿತ್ತು. ಟೀಚರಮ್ಮ, ಇಸ್ತ್ರಿಯವನು ಸಾಕ್ಷಿ ಹಾಕಿದರು. ಕೂಲಿಂಗ್ ಸಾಕ್ಷಿಗಳಿಗೆ ಪೆನ್ನು ದಾಟಿಸಿದ. ಇಂಥ ಅದೃಷ್ಟವನ್ನು ಯಾರು ತಿದ್ದುತ್ತಾರೆ? ಜನ್ಮದಲ್ಲಿ ಮೊದಲ ಸಲ ಅವನ ಸಿಟ್ಟಿನಿಂದ ಒಳ್ಳೆಯದಾಗಿತ್ತು.

ವಕೀಲೆಯನ್ನು ಬೀಳ್ಕೊಡಲು ತಿರುಗಿದರೆ ಬಾಗಿಲಲ್ಲಿ ಹಾಜರ್ ತಾತ ನಿಂತಿದ್ದರು. ಕಂಕುಳಲ್ಲಿ ಸುತ್ತಿದ ಹಾಸಿಗೆ, ಕೈಯಲ್ಲಿ ಮಾತ್ರೆ ಡಬ್ಬಿ. ಕಣ್ಣು ಒದ್ದೆ.

"ಅವರಿವರ ಹೆಸರು ಕೂಗ್ತಾನೇ ಮುದುಕ ಆಗಿಹೋದೆ ಕಣಪ್ಪ. ನೀನೂ 'ನೀವು, ನೀವು' ಅಂತ ದೂರ ಇಟ್ಟಿದ್ದೆ. ಇವತ್ತು ನನ್ನ ಮುಖ ನೋಡಿ 'ನೀನು' ಅಂದೆ, ಸ್ವಂತದವರ ಹಾಗೆ! ಜೀವ ಇರೋವರೆಗೂ ನೋಡ್ಕೋತೀನಿ ಅಂದೆ! ಮೇಡಂ, ನನ್ನದೂ ಬರೆದುಬಿಡಿ."

"ಅಯ್ಯೋ ತಾತ, ಅವನು ಹೇಳಿದ್ದು ನನಗೆ," ಎಂದಳು ದೊಡ್ಡಮ್ಮ. ಆಮೇಲೆ ಯಾಕೋ ಅನುಮಾನ ಬಂದು ಅವನ ಕಡೆ ತಿರುಗಿದಳು. "ನನಗೇ ತಾನೇ? ತಾತನಿಗಾ? ಅಥವಾ... ಸುಮ್ನೆ ಬೈದಿದ್ದಾ?"

ಕೂಲಿಂಗ್ ದೊಡ್ಡಮ್ಮನ ಮುಖ ನೋಡಿದ. ಹೆಬ್ಬೆಟ್ಟಿನ ಮಸಿ ಇನ್ನೂ ಆರಿರಲಿಲ್ಲ. ತಾತನ ಮುಖ ನೋಡಿದ. ವಕೀಲೆ ಪೆನ್ನಿನ ಮುಚ್ಚಳ ಮತ್ತೆ ತೆಗೆದು ಕಾಯುತ್ತಿದ್ದರು.

"ಇಬ್ಬರಿಗೂ," ಎಂದ ಅವನು, ಹಲ್ಲುಗಳ ನಡುವಿನಿಂದ.

ತಾತ ಹಾಸಿಗೆಯನ್ನು ಕಿಟಕಿಯ ಪಕ್ಕ, ಕೂಲಿಂಗ್ ದಿನಾ ಮಲಗುವ ಜಾಗದಲ್ಲೇ ಬಿಚ್ಚಿದರು.

"ಅನ್ನ ಸ್ವಲ್ಪ ಮೆತ್ತಗೆ ಮಾಡಪ್ಪ," ಎಂದರು. "ನನಗೆ ಕೆಳಗಿನ ಹಲ್ಲಿಲ್ಲ."