ಖಾಲಿ ಬುಟ್ಟಿ, ಒಂದೇ ಕುಂಬಳಕಾಯಿ

ಸ್ವಂತ ಕುಂಬಳಕಾಯಿಯನ್ನೇ ಕದ್ದ ಕಳ್ಳನನ್ನು ನೀವು ನೋಡಿಲ್ಲದಿದ್ದರೆ ನನ್ನ ಮುಖ ನೋಡಿ. ವೃತ್ತಿಯಲ್ಲಿ ದರ್ಜಿ, ತಾರಸಿಯಲ್ಲಿ ಮಹಾಕೃಷಿಕ (ಹೆಂಡತಿ ಒಪ್ಪುವುದಿಲ್ಲ).

ನಮ್ಮ ಕಟ್ಟಡದಲ್ಲಿ ಎಂಟು ಮನೆ. ಹಿಂದೊಮ್ಮೆ ಸೇತುವೆ ಕುಸಿದು ತರಕಾರಿ ಲಾರಿ ನಿಂತಾಗ, ಕೆಳಮನೆಯ ಅಜ್ಜಿ ಒಡಕು ಡಬ್ಬಗಳಲ್ಲಿ ಬೆಳೆದ ಸೊಪ್ಪನ್ನು ಎಲ್ಲರಿಗೂ ಹಂಚಿದ್ದರು. ಅಂದಿನಿಂದ ಎಲ್ಲರೂ ತಾರಸಿಯಲ್ಲಿ ಬೆಳೆಯುತ್ತೇವೆ. ಅಜ್ಜಿಯ ಕಾನೂನು ಒಂದೇ: ಮೊದಲ ಫಸಲು ಮೆಟ್ಟಿಲ ಮೇಲಿನ ಬುಟ್ಟಿಗೆ. ಬುಟ್ಟಿ ತುಂಬಿದರೆ ಅವರು ಕೋಲಿನಿಂದ ಪ್ರತಿ ಬಾಗಿಲಿಗೂ ಮೂರು ಸಲ ಕುಟ್ಟುತ್ತಿದ್ದರು. ಹೋದ ತಿಂಗಳು ತೀರಿಕೊಂಡರು.

ಈ ವಾರ ಸೇತುವೆ ಮತ್ತೆ ಕೈಕೊಟ್ಟಿತು. ಅಂಗಡಿ ಖಾಲಿ. ಮೇಲ್ಮನೆ ಟೀಚರಮ್ಮನ ಮಕ್ಕಳಿಗೆ ಮೂರು ದಿನದಿಂದ ಬರೀ ಗಂಜಿ. ನಾನೋ, ಜೀವಮಾನದ ಚೊಚ್ಚಲ ಕುಂಬಳಕಾಯಿಗೆ ನೀರಿನ ಟ್ಯಾಂಕಿನ ಹಿಂದೆ ಲೈನಿಂಗ್ ಬಟ್ಟೆ ಹೊದಿಸಿ, ದಿನಾ ಟೇಪು ಹಿಡಿದು ಸುತ್ತಳತೆ ತೆಗೆಯುತ್ತಿದ್ದೆ. ನನ್ನ ಸೊಂಟವನ್ನು ಮೀರಿಸುವವರೆಗೆ ಕೊಡೆನೆಂಬ ಭೀಷ್ಮಪ್ರತಿಜ್ಞೆ!

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ, ಒಳ್ಳೆ ಬಿಸಿಲು. ಟಕ್, ಟಕ್, ಟಕ್. ಬಾಗಿಲು ತೆಗೆದರೆ ಯಾರೂ ಇಲ್ಲ. ಹೊಸ್ತಿಲ ಮುಂದೆ ಅಜ್ಜಿಯ ಖಾಲಿ ಬುಟ್ಟಿ. ಮಂಗಳವಾರವೂ ಹಾಗೇ. ಬುಧವಾರ ಬುಟ್ಟಿಯ ತಳದಲ್ಲಿ ಒದ್ದೆ ಮಣ್ಣಿತ್ತು.

ಒಣಗಿದ ಬಟ್ಟೆ ಹೊತ್ತು ತಾರಸಿಯಿಂದ ಇಳಿದ ಹೆಂಡತಿಯನ್ನು ಕೇಳಿದೆ, "ಲೇ, ಇದನ್ನ ಯಾರು ತಂದಿಟ್ರೇ?"

"ನಂಗೇನ್ ಗೊತ್ತು? ನೀವ್ಯಾಕೆ ಬೆವರ್ತಿದೀರಿ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ!"

ತಾರಸಿಗೆ ಓಡಿ, ಕಾಯಿ ಕೊಯ್ದು ತಂದು ಬುಟ್ಟಿಯಲ್ಲಿಟ್ಟು, "ತಪ್ಪಾಯ್ತು ಅಜ್ಜಿ" ಎಂದು ಅಡ್ಡಬಿದ್ದೆ. ಮಧ್ಯಾಹ್ನ ಎಂಟೂ ಮನೆಯಲ್ಲಿ ಕುಂಬಳ ಬೇಯುವ ಘಮ. ಟೀಚರಮ್ಮನ ಮಕ್ಕಳು ತಟ್ಟೆ ನೆಕ್ಕುವುದನ್ನು ಕಂಡು ನಾಚಿಕೆಯಾಯಿತು.

ಊಟವಾದ ಮೇಲೆ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಬುಟ್ಟಿ ಇಟ್ಟಿದ್ದು ನಾನೇ ಕಣ್ರೀ! ಬಟ್ಟೆ ಒಣಗಿಸೋವಾಗ್ಲೇ ನಿಮ್ಮ ಕಾಯಿ ಕಣ್ಣಿಗೆ ಬಿದ್ದಿತ್ತು."

"ಅಬ್ಬಾ, ಹೋದ ಜೀವ ಬಂತು! ಕೋಲು ಕುಟ್ಟಿದ್ದು ಮಾತ್ರ ಥೇಟ್ ಅಜ್ಜಿ ಹಾಗೇ ಇತ್ತು ಬಿಡು."

ಅವಳ ನಗು ನಿಂತಿತು. "ಯಾವ ಕೋಲು? ನಾನು ಬುಟ್ಟಿ ಇಟ್ಟು ಸದ್ದಿಲ್ದೆ ಮೇಲೆ ಹೋಗ್ತಿದ್ದೆ. ಕೋಲನ್ನ ಅಜ್ಜಿ ಜೊತೇಲೇ ಮಣ್ಣು ಮಾಡಿದ್ವಲ್ಲ. ನೀವೇ ಅಲ್ವಾ ಪಕ್ಕದಲ್ಲಿಟ್ಟಿದ್ದು?"

ಟಕ್, ಟಕ್, ಟಕ್.

ಇಬ್ಬರೂ ಬಾಗಿಲ ಕಡೆ ನೋಡಿದೆವು. "ಇನ್ನೇನ್ ಬೇಕಂತೆ? ಮೊದಲ ಕಾಯಿ ಕೊಟ್ಟಾಯ್ತಲ್ಲಾ?" ಎಂದು ಪಿಸುಗುಟ್ಟಿದಳು.

ನಾನು ನಿಧಾನವಾಗಿ ಬಗ್ಗಿ, ಹೊಲಿಗೆ ಯಂತ್ರದ ಕೆಳಗಿದ್ದ ಚಿಂದಿ ಮೂಟೆ ಬಿಚ್ಚಿ, ಅದರೊಳಗಿನ ಕುಂಬಳಕಾಯಿ ಹೊರಗೆಳೆದೆ. ಕೊಟ್ಟದ್ದು ಎರಡನೆಯದು. ಚೊಚ್ಚಲು ಇದು (ನಿಮಗೂ ಸುಳ್ಳು ಹೇಳಿದ್ದೆ, ಕ್ಷಮಿಸಿ).

ಹೆಂಡತಿ ಕಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, ಅಡುಗೆಮನೆಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡಳು.

"ಬಾಗಿಲು ನೀವೇ ತೆಗೀರಿ!"