ಬೈದವರಿಗೆ ಮಿರ್ಚಿ, ಹೊಗಳಿದವರಿಗೆ ನೀರು

ನನ್ನ ಸೋದರಮಾವನನ್ನು ಎದುರಿಗೇ ಬೈದು ಬದುಕಿ ಬಂದವರು ಚಳ್ಳಕೆರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಬದುಕುವುದೇನು, ಹೊಟ್ಟೆ ತುಂಬಾ ತಿಂದುಕೊಂಡೂ ಬಂದಿದ್ದಾರೆ! ಮಾಮ ತೆಗೆದ ಫೋಟೋದಲ್ಲಿ ಯಾರಾದರೂ ತಪ್ಪು ಹುಡುಕಿ ಹೇಳಿದರೆ ಅವರಿಗೆ ಒಂದು ಪ್ಲೇಟು ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ ಬಜ್ಜಿ. 'ಸೂಪರ್' ಎಂದವರಿಗೆ ಒಂದು ಲೋಟ ನೀರು. ಅದೂ ನಲ್ಲಿಯದು.

ಮಾಮ ಮೊದಲು ಸ್ಟುಡಿಯೋ ಇಟ್ಟಿದ್ದವರು. ಊರಿನ ಅರ್ಧ ಜನರ ಪಾಸ್‌ಪೋರ್ಟ್ ಸೈಜು, ಇನ್ನರ್ಧ ಜನರ ಮದುವೆ ಆಲ್ಬಮ್ಮು ಅವರ ಕೈಯಲ್ಲೇ ಆದದ್ದು. "ಗದ್ದ ಮೇಲೆತ್ರಿ, ರೆಪ್ಪೆ ಬಡೀಬ್ಯಾಡ್ರಿ, ನಗ್ರಿ" ಎಂಬ ಮಾತಿನ ಮೇಲೇ ಸಂಸಾರ ತೂಗಿಸಿದರು. ಅಂಗಡಿಯ ಷೋಕೇಸಿನಲ್ಲಿ ಅವರ ಅಕ್ಕನ, ಅಂದರೆ ನಮ್ಮವ್ವನ ಫೋಟೋ ದೊಡ್ಡದು ಮಾಡಿ ಇಟ್ಟಿದ್ದರು. ತಮ್ಮನ ಅಪ್ಪಣೆಯಂತೆ ಗದ್ದ ಎತ್ತಿ ಎತ್ತಿ ಅವ್ವನ ದೃಷ್ಟಿ ಕ್ಯಾಮೆರಾ ದಾಟಿ ಸೂರಿಗೇ ಹೋಗಿಬಿಟ್ಟಿತ್ತು.

"ಕಾಗೆ ಎಣಿಸೋಳ ಹಂಗೆ ಕಾಣ್ತೀನಿ ಕಣೋ, ತೆಗಿಯೋ ಅದನ್ನ" ಎಂದು ಅವ್ವ ಗೋಗರೆಯುತ್ತಿದ್ದಳು.

"ಗಿರಾಕಿ ಬರೋದೇ ಅದನ್ನ ನೋಡಿ. ಸುಮ್ನಿರಕ್ಕ" ಎಂದು ಮಾಮ ನಗುತ್ತಿದ್ದರು. ಪಾಪ, ಆ ಷೋಕೇಸು ಕಣ್ಣಿಗೆ ಬೀಳಬಾರದೆಂದು ಅವ್ವ ಸಂತೆಗೆ ಹೋಗುವಾಗಲೆಲ್ಲ ಎಣ್ಣೆ ಮಿಲ್ಲಿನ ಹಿಂದಿನ ದಾರಿ ಸುತ್ತಿಕೊಂಡು ಹೋಗುತ್ತಿದ್ದಳು!

ಎಲ್ಲರ ಕೈಗೂ ಮೊಬೈಲು ಬಂದಮೇಲೆ ಸ್ಟುಡಿಯೋ ಮುಚ್ಚಿತು. ಮಾಮ ಒಂದು ಪುಟ್ಟ ಕ್ಯಾಮೆರಾ ಹಿಡಿದು ಬೀದಿಗೆ ಇಳಿದರು. ಬೀದಿ ಫೋಟೋ ಎಂದರೆ ಯಾರನ್ನೂ ನಿಲ್ಲಿಸದೆ, ಯಾರಿಗೂ ಹೇಳದೆ, ನಡೆಯುತ್ತಿರುವುದನ್ನು ನಡೆದ ಹಾಗೇ ಹಿಡಿಯಬೇಕಂತೆ. ಸರಿ, ಆದರೆ ಜೀವಮಾನವೆಲ್ಲ ಆಡಿದ ನಾಲಿಗೆ ಕೇಳಬೇಕಲ್ಲ? ಒಮ್ಮೆ ಸಂತೆಯಲ್ಲಿ ಈರುಳ್ಳಿ ತೂಕದ ಮೇಲೆ ಇಬ್ಬರು ಕೊರಳಪಟ್ಟಿ ಹಿಡಿದುಕೊಂಡಿದ್ದರು. ಮಾಮ ಕ್ಯಾಮೆರಾ ಎತ್ತಿದರು. ಬೆರಳಿಗಿಂತ ಮೊದಲು ಬಾಯಿ ಓಡಿತು: "ಗದ್ದ ಮೇಲೆತ್ರಿ!" ಇಬ್ಬರೂ ಕೊರಳಪಟ್ಟಿ ಬಿಟ್ಟು, ಕೂದಲು ಸವರಿಕೊಂಡು, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಿಂತರು. ಊರ ಹಿರಿಯರಿಂದಾಗದ ರಾಜಿ ಒಂದು ಕ್ಲಿಕ್ಕಿನಲ್ಲಿ ಆಯಿತು! ಫೋಟೋ ಮಾತ್ರ ಕೆಟ್ಟಿತು.

ಅದನ್ನು ಮೊದಲು ನೋಡಿದವನು ಬಸ್‌ಸ್ಟ್ಯಾಂಡ್ ಪಕ್ಕದ ಮಿರ್ಚಿ ಅಂಗಡಿಯವನು, ಮಾಮನ ಬಾಲ್ಯದ ಗೆಳೆಯ. "ಇದರಾಗೆ ಬೀದಿ ಎಲ್ಲೈತಲೇ? ಎಲ್ಲಾ ಪಾಸ್‌ಪೋರ್ಟೇ!" ಎಂದುಬಿಟ್ಟ. ಮಾಮ ಅವನ ಬಾಣಲೆಯದೇ ಮಿರ್ಚಿಯನ್ನು ಕಾಸು ಕೊಟ್ಟು ಕೊಂಡು ಅವನಿಗೇ ತಿನ್ನಿಸಿದರು! ಪದ್ಧತಿ ಶುರುವಾದದ್ದು ಹೀಗೆ. ಮರುದಿನದಿಂದ ಮಾಮ ಬೀದಿಗೆ ಹೊರಟಾಗ ಬಾಯಲ್ಲೊಂದು ಕಲ್ಲುಸಕ್ಕರೆ ತುಂಡು ಇಟ್ಟುಕೊಳ್ಳತೊಡಗಿದರು. ಅದು ಕರಗುವವರೆಗೆ ಯಾರ ಗದ್ದವೂ ಮೇಲೇಳಲಿಲ್ಲ.

ಮಿರ್ಚಿ ಸಿಗುತ್ತದೆ ಎಂದಮೇಲೆ ಟೀಕಾಕಾರರಿಗೆ ಬರವೇ?

"ಕತ್ತೆ ಇನ್ನೊಂಚೂರು ಮುಂದಕ್ಕಿರ್ಬೇಕಿತ್ತು ಕಣ್ರಿ."

"ಬಿಸಿಲು ಜಾಸ್ತಿ ಆತು."

ಚಳ್ಳಕೆರೆಯಲ್ಲಿ ಬಿಸಿಲು ಜಾಸ್ತಿಯಾದರೆ ಅದು ಮಾಮನ ತಪ್ಪೇ? ಆದರೆ ಮಾಮ ಯಾರನ್ನೂ ಗದರುತ್ತಿರಲಿಲ್ಲ. "ಹೌದಾ? ಹಂಗಾದ್ರೆ ನಾನು ಎಲ್ಲಿ ನಿಂತ್ಕಬೇಕಿತ್ತು? ನಡೀರಿ, ತೋರ್ಸಿ" ಎಂದು ಆ ಮಹಾಶಯನನ್ನು ಅದೇ ಜಾಗಕ್ಕೆ, ಅದೇ ಬಿಸಿಲಿಗೆ ಕರೆದುಕೊಂಡು ಹೋಗುತ್ತಿದ್ದರು. ಪುಕ್ಕಟೆ ಟೀಕಾಕಾರರು ಅರ್ಧ ದಾರಿಯಲ್ಲೇ ಕಳಚಿಕೊಳ್ಳುತ್ತಿದ್ದರು. ಕೊನೆವರೆಗೂ ಬಂದವರಿಂದ ಮಾಮ ನಿಜವಾಗಿ ಕಲಿತರು.

ಬೇರೆಯವರ ಫೋಟೋ ತಿದ್ದುವ ಬಗೆಯೂ ಇದೇ. ಕಾಲೇಜು ಹುಡುಗನೊಬ್ಬ ಕುರಿಮಂದೆಯ ಫೋಟೋ ತಂದಿದ್ದ. ಮಾಮ ಅದನ್ನು ಬಹಳ ಹೊತ್ತು ನೋಡಿ, "ಕಣ್ಣು ಸರಿ ಐತೆ ಕಣಪ್ಪಾ, ಕಾಲು ತಪ್ಪೈತೆ" ಎಂದರು. ಅವನನ್ನು ಆ ರಸ್ತೆಗೇ ಕರೆದೊಯ್ದು, "ಈಗ ನಾನೇ ಆ ಮುಂದಿನ ಕುರಿ. ನೀನು ಎಡಕ್ಕೆ ಸರಿ. ಇನ್ನೂ ಸರಿ. ಹಿಂದಿನ ಲೈಟು ಕಂಬ ನನ್ನ ತಲೆ ಮೇಲಿಂದ ಹೋತಾ?" ಎಂದು ನಡುರಸ್ತೆಯಲ್ಲಿ ಬಗ್ಗಿ ನಿಂತರು. ಲಾರಿಯವನೊಬ್ಬ ಹಾರ್ನ್ ಹೊಡೆದು ಹೊಡೆದು ಸುಸ್ತಾದ. ಕುರಿ ಕದಲಲಿಲ್ಲ! ಆ ಹುಡುಗ ಈಗ ನಮ್ಮ ಕಡೆ ಒಳ್ಳೆಯ ಫೋಟೋಗ್ರಾಫರ್.

ಇಷ್ಟೆಲ್ಲದರ ನಡುವೆ ನೀರು ಕುಡಿಯುತ್ತಿದ್ದವಳು ನಾನೊಬ್ಬಳೇ. ಹೈಸ್ಕೂಲು ಮಕ್ಕಳ ಉತ್ತರಪತ್ರಿಕೆಯ ಮೇಲೆ ಎಗ್ಗಿಲ್ಲದೆ ಕೆಂಪು ಗೀಚುವ ನಾನು ಮಾಮನ ಮುಂದೆ ಮಾತ್ರ "ಸೂಪರ್ ಮಾಮ". ಅವ್ವ ತೀರಿಕೊಂಡ ಮೇಲೆ ಅವಳ ಕಡೆಯವರೆಂದು ಉಳಿದಿರುವುದು ಇವರೊಬ್ಬರೇ. ಯಾಕೆ ನೋಯಿಸಲಿ?

ಮಾಮನದು ಇನ್ನೊಂದು ಕಟ್ಟಳೆಯಿತ್ತು. ಊರೆಲ್ಲ ಒಪ್ಪಿದರೂ ಸಾಲದು, ಫೋಟೋದಲ್ಲಿ ಇರುವವರು ಒಪ್ಪಬೇಕು. ಇದೂ ಒಂದು ಹುಚ್ಚು ಎಂದು ನಾನು ಲೆಕ್ಕಕ್ಕಿಟ್ಟಿರಲಿಲ್ಲ, ಮೊಳಕಾಲ್ಮೂರಿನ ಅಜ್ಜಿಯ ಫೋಟೋ ಬರುವವರೆಗೆ.

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಆ ಅಜ್ಜಿ ಹೊಸ್ತಿಲ ಮೇಲೆ ಕೂತು ರೇಷ್ಮೆ ನೂಲು ಸುತ್ತುತ್ತಿದ್ದವಳು ಯಾವುದಕ್ಕೋ ಬಾಯಿ ತುಂಬಾ ನಕ್ಕಿದ್ದಾಳೆ. ಸಂಜೆಯ ಬಿಸಿಲು ನೂಲಿನ ಮೇಲೆ ಬಿದ್ದು ಮುಖದ ಸುಕ್ಕೆಲ್ಲ ಹೊಳೆಯುತ್ತಿದೆ. ಮಿರ್ಚಿ ಅಂಗಡಿಯ ಮುಂದೆ ಆ ಫೋಟೋ ಕೈಯಿಂದ ಕೈಗೆ ಹೋಯಿತು. ಒಬ್ಬರಿಗೂ ತಪ್ಪು ಸಿಗಲಿಲ್ಲ. "ಇದಕ್ಕೆ ಯಾರಿಗೂ ಮಿರ್ಚಿ ಇಲ್ಲ ಬಿಡಲೇ" ಎಂದ ಅಂಗಡಿಯವನು. ಚಿತ್ರದುರ್ಗದಲ್ಲಿ ಫೋಟೋ ಪ್ರದರ್ಶನ ಇಡಲಿದ್ದವರು ಸುದ್ದಿ ಕೇಳಿ, ಬಾಗಿಲಲ್ಲೇ ಕಾಣುವಂತೆ ಅದನ್ನು ಹಾಕುತ್ತೇವೆಂದು ಫೋನು ಮಾಡಿದರು. ಆವತ್ತು ಮಾಮನ ಮುಖ ನೋಡಬೇಕಿತ್ತು! ಆದರೂ ಹೇಳಿದ್ದು ಒಂದೇ ಮಾತು: "ಮೊದ್ಲು ಅಜ್ಜಿ ನೋಡ್ಲಿ."

ಭಾನುವಾರ ನನ್ನನ್ನೂ ಬಸ್ಸು ಹತ್ತಿಸಿಕೊಂಡು ಹೋದರು. ಅಜ್ಜಿ ಫೋಟೋವನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. ಆ ಸೀಮೆಯ ತೆಲುಗು ಬೆರೆಸಿ ಹೇಳಿದಳು:

"ವದ್ದು ನಾಯನಾ, ಇದು ಬ್ಯಾಡ. ಬಾಯಾಗೆ ಒಂದು ಹಲ್ಲಿಲ್ಲ, ಸೆರಗು ಜಾರೈತೆ. ನನ್ನ ಯಾವತ್ತೂ ನೋಡದವ್ರು ಇದೇ ನಾನು ಅನ್ಕಂತಾರೆ."

"ಎಷ್ಟು ಚೆನ್ನಾಗಿ ನಕ್ಕಿದೀರಿ ಅಜ್ಜಿ!" ಎಂದು ನಾನು ಬಾಯಿ ಹಾಕಿದೆ.

"ನಕ್ಕಿದ್ದು ನಮ್ಮನೆ ಮುಂದೆ ಕಣಮ್ಮ. ಊರ ಮುಂದಲ್ಲ."

ಮಾಮ ಕ್ಯಾಮೆರಾ ತೆಗೆದು, ಅಜ್ಜಿಗೆ ಕಾಣುವ ಹಾಗೆ ಹಿಡಿದು, ಆ ಫೋಟೋ ಅಳಿಸಿದರು. ಪ್ರಿಂಟನ್ನು ಅವಳ ಕೈಯಲ್ಲೇ ಬಿಟ್ಟರು. ಅಜ್ಜಿ ಒಳಗೆ ಹೋಗಿ ತಲೆ ಬಾಚಿಕೊಂಡು, ಸೆರಗು ಹೊದ್ದು, ಬಾಯಿ ಬಿಗಿದುಕೊಂಡು ಬಂದು ಕೂತಳು. ಮಾಮ ಬಾಯಿಂದ ಕಲ್ಲುಸಕ್ಕರೆ ತೆಗೆದರು. ಅಯ್ಯೋ, ಶುರುವಾಯಿತು ಎಂದುಕೊಂಡೆ. ಆದರೆ ಅವರು ಕೇಳಿದ್ದು, "ಗದ್ದ ಎಲ್ಲಿರ್ಲಿ ಅವ್ವ? ನೀವೇ ಹೇಳ್ರಿ."

ಆ ಫೋಟೋ ಆಧಾರ್ ಕಾರ್ಡಿಗೆ ಚೆನ್ನಾಗಿತ್ತು. ಅಜ್ಜಿ ಮಾತ್ರ "ಹ್ಞಾ, ಇದು ನಾನು" ಎಂದು ಹಿಗ್ಗಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ತಡೆಯಲಾರದೆ ಹೋದೆ. "ಬುದ್ಧಿ ಐತಾ ಮಾಮ ನಿಮಗೆ? ಅಂಥದ್ದು ಜನ್ಮಕ್ಕೊಂದು ಸಿಗ್ತದೆ! ಇನ್ನೊಂದು ಸಲ ಬಿಡಿಸಿ ಹೇಳಿದ್ರೆ ಅಜ್ಜಿ ಒಪ್ತಿರ್ಲಿಲ್ವಾ? ಆ ಪ್ರದರ್ಶನದವರಿಗೆ ಏನಂತ ಹೇಳ್ತೀರಿ?" ಚಳ್ಳಕೆರೆ ಬರುವವರೆಗೂ ಬೈದೆ. ಮಾಮ ತಲೆ ತಗ್ಗಿಸಿ ಕೇಳಿದರು. ಇಳಿದವರೇ ಸೀದಾ ಮಿರ್ಚಿ ಅಂಗಡಿಗೆ ನಡೆದು, "ಇವ್ಳು ನನ್ನ ಬೈದ್ಲು ಕಣಲೇ! ಮಂಡಕ್ಕಿ ಕೊಡು, ನಾಕು ಮಿರ್ಚಿ ಹಾಕು!" ಎಂದು ಊರಿಗೇ ಕೇಳುವಂತೆ ಸಾರಿದರು.

ನಾನು ಮೊದಲ ತುತ್ತು ಬಾಯಿಗಿಡುವಾಗ ಮಾಮ ಮೆಲ್ಲಗೆ, "ಅಕ್ಕನೂ ಬ್ಯಾಡ ಅಂದಿದ್ಲು" ಎಂದರು. "ಎಷ್ಟು ಸಲ ಅಂದ್ಲು. ಬೇರೆದು ತೆಗಿಯೋ ಅಂದ್ಲು. ತೆಗೀತೀನಿ ಬಿಡು ಅಂತಿದ್ದೆ. ಆಮೇಲೆ ಕ್ಯಾಮೆರಾ ಕಂಡ್ರೆ ಸೆರಗು ಅಡ್ಡ ಹಿಡಿಯೋಳು. ಊರಿಗೆಲ್ಲ ಫೋಟೋ ತೆಗ್ದೆ ನೋಡು. ಅವಳು ಹೋದ ದಿನ ಹಾರ ಹಾಕಾಕೆ ಹುಡುಕಿದ್ರೆ ಅದೊಂದೇ."

ನಮ್ಮ ನಡುಮನೆಯ ಗೋಡೆಯ ಮೇಲೆ, ಗಂಧದ ಹಾರದೊಳಗೆ, ಅವ್ವ ಗದ್ದ ಎತ್ತಿಕೊಂಡು ಸೂರು ನೋಡುತ್ತಿದ್ದಾಳೆ. ನನ್ನ ಮಗಳು ಅವಳನ್ನು ಕಂಡೇ ಇಲ್ಲ. ಅವಳ ಪಾಲಿಗೆ ಅದೇ ಅಜ್ಜಿ.

ಕೈಯಲ್ಲಿದ್ದ ಮಿರ್ಚಿಯನ್ನು ಪ್ಲೇಟಿಗೆ ಇಟ್ಟೆ. "ಮಾಮ, ಅವ್ವನ ಆ ಫೋಟೋ ಚೆನ್ನಾಗೈತೆ" ಎಂದೆ.

ಮಾಮ ನನ್ನನ್ನೇ ನೋಡಿದರು. ಅವರ ಕಣ್ಣು ತುಂಬಿತ್ತು, ನನ್ನದೂ. ನನ್ನ ಮುಂದಿದ್ದ ಮಿರ್ಚಿ ಪ್ಲೇಟನ್ನು ತಮ್ಮ ಕಡೆಗೆ ಎಳೆದುಕೊಂಡರು. ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿದರು.

ನಾನು ಅದನ್ನು ಪೂರ್ತಿ ಕುಡಿದೆ.