ತೂಕ ಇಳಿಸೋಕಲ್ಲ, ಎತ್ತೋಕೆ

ಶಿಕಾರಿಪುರದಲ್ಲಿ ಹೆಂಗಸೊಬ್ಬಳು ಭಾರ ಎತ್ತಲು ಶುರುಮಾಡಿದರೆ ನಗುವುದಕ್ಕೆ ಬೇರೆ ಏರ್ಪಾಡು ಬೇಕಿಲ್ಲ. ದಿನಕ್ಕೊಬ್ಬರು ತಾವಾಗಿಯೇ ಬಂದು ಒದಗಿಸಿ ಹೋಗುತ್ತಾರೆ.

ನಾನು ಇಲ್ಲಿನ ಪ್ರೌಢಶಾಲೆಯೊಂದರ ಗಣಿತದ ಟೀಚರು, ನಲವತ್ತು ದಾಟಿದವಳು. ಕರಿಹಲಗೆಯ ಮೇಲ್ತುದಿಗೆ ಕೈ ಎಟುಕದಷ್ಟು ಭುಜ ನೋವು ಬಂದಿತ್ತು. ನೋವೇನೋ ಇಳಿಯಿತು. ಡಾಕ್ಟರಮ್ಮ ಮಾತ್ರೆ ನಿಲ್ಲಿಸಿ, ಇನ್ನು ಭಾರ ಎತ್ತಿ ಮೈ ಗಟ್ಟಿ ಮಾಡಿಕೊಳ್ಳಿ ಎಂದರು. ಮಾರುಕಟ್ಟೆ ಯಾರ್ಡಿನ ಹಿಂದೆ, ಗೊಬ್ಬರದಂಗಡಿಯ ಮಹಡಿಯಲ್ಲಿ ಒಂದು ಜಿಮ್ ಇದೆ. ಸಂಜೆ ಶಾಲೆ ಬಿಟ್ಟ ಮೇಲಿನ ಒಂದು ಗಂಟೆ ಹೆಂಗಸರಿಗೆ ಮಾತ್ರ ಎಂದು ಅಲ್ಲಿಯ ಕೋಚ್ ಹೊಸದಾಗಿ ಬೋರ್ಡು ಹಾಕಿದ್ದ. ಕಟ್ಟಡದ ಯಜಮಾನರಿಗೆ ಆ ಬೋರ್ಡು ಕಣ್ಣಿಗೆ ಚುಚ್ಚುತ್ತಿತ್ತು. ಹೆಂಗಸರ ಹೊತ್ತು ನಿಲ್ಲಿಸು, ಇಲ್ಲವಾದರೆ ಜಾಗ ಖಾಲಿ ಮಾಡು ಎಂದು ಅವನ ತಲೆ ತಿನ್ನುತ್ತಿದ್ದರು. ಅದು ನಮಗೂ ಗೊತ್ತಿತ್ತು. ಗೊತ್ತಿದ್ದೇ ಹೋಗುತ್ತಿದ್ದೆವು. ಆ ಒಂದು ಗಂಟೆಯಲ್ಲಿ ನನ್ನನ್ನು ಯಾರೂ ಚಹಾ ಕೇಳುತ್ತಿರಲಿಲ್ಲ, ಲೆಕ್ಕ ಕೇಳುತ್ತಿರಲಿಲ್ಲ. ಅದನ್ನು ಬಿಟ್ಟುಕೊಡುವ ಮನಸ್ಸು ನನಗೆ ಸುತರಾಂ ಇರಲಿಲ್ಲ.

ಅಲ್ಲೇ ಇಡೋದು

ಮೊದಲ ವಾರವೇ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಎಷ್ಟು ತೂಕ ಇಳೀತು ಎಂದು ವಿಚಾರಿಸಿದರು. ನಾನು ಇಳಿಸುತ್ತಿಲ್ಲ, ಎತ್ತುತ್ತಿದ್ದೇನೆ ಎಂದೆ.

"ಎತ್ತಿ ಎಲ್ಲಿಗೆ ಒಯ್ತೀರಿ?"

"ಎಲ್ಲಿಗೂ ಇಲ್ಲ, ಅಲ್ಲೇ ಇಡೋದು."

"ಅಲ್ಲೇ ಇಡೋದಾದ್ರೆ ಎತ್ತೋದ್ಯಾಕ್ರೀ?"

ಇಷ್ಟು ವರ್ಷ ಮಕ್ಕಳಿಗೆ ಪ್ರಮೇಯ ಸಾಧಿಸಿ ತೋರಿಸಿದವಳಿಗೆ ಈ ಪ್ರಶ್ನೆಗೆ ಉತ್ತರ ಹೊಳೆದದ್ದು ಮಾರನೆಯ ದಿನ. ನೀವು ದಿನಾ ಪಾತ್ರೆ ತೊಳೆಯುತ್ತೀರಲ್ಲ, ಅವು ಮತ್ತೆ ಮುಸುರೆಯಾಗುವುದಿಲ್ಲವೇ, ಮತ್ತೆ ತೊಳೆಯುವುದು ಯಾಕೆ ಎಂದು ಕೇಳಿದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಕಾಂಪೌಂಡಿನ ಹತ್ತಿರ ಬಂದರು. ಜಗಳಕ್ಕೇ ಬರುತ್ತಾರೆಂದು ನಾನು ಸಿದ್ಧಳಾಗಿ ನಿಂತಿದ್ದೆ.

"ಖರೇನ ರೀ. ನಾಳೆಯಿಂದ ನಾನೂ ಬರ್ತೀನಿ. ಪಾತ್ರೆ ನಮ್ಮನೆಯವ್ರು ತೊಳೀಲಿ."

ಖಾಲಿ ಸಿಲಿಂಡರು

ಗ್ಯಾಸ್ ತರುವಾತ ಒಂದು ಭಾನುವಾರ ತುಂಬಿದ ಸಿಲಿಂಡರನ್ನು ಗೇಟಿನ ಹತ್ತಿರವೇ ಇಳಿಸಿ, ಒಳಗಿಡಲು ಯಜಮಾನರನ್ನು ಕರೆಯಿರಿ ಎಂದ. ನಮ್ಮವರು ಜಗುಲಿಯಲ್ಲೇ ಪೇಪರ್ ಓದುತ್ತ ಕುಳಿತಿದ್ದರು. ಅವರು ಪೇಪರ್ ಮಡಿಸಿ, ಕನ್ನಡಕ ತೆಗೆದು, ಲುಂಗಿ ಎತ್ತಿ ಕಟ್ಟುವಷ್ಟರಲ್ಲಿ ನಾನು ಸಿಲಿಂಡರನ್ನು ಅಡುಗೆಮನೆಗೆ ಮುಟ್ಟಿಸಿ ವಾಪಸ್ಸು ಬಂದಿದ್ದೆ. ಗ್ಯಾಸಿನವನು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದ. ಆ ನೋಟದಲ್ಲಿ ಅಯ್ಯೋ ಪಾಪ ಎನ್ನುವುದು ಎದ್ದು ಕಾಣುತ್ತಿತ್ತು.

ನಮ್ಮವರಿಗೆ ಮುಖಭಂಗವಾಯಿತೇನೋ ಎಂದು ನನಗೇ ಕಸಿವಿಸಿ. ಅವರು ಮಾತ್ರ ಒಳಗೆ ಹೋಗಿ ಖಾಲಿ ಸಿಲಿಂಡರನ್ನು ಒಂದೇ ಕೈಯಲ್ಲಿ ತಂದು ಅವನ ಮುಂದಿಟ್ಟರು.

"ನಮ್ಮಲ್ಲಿ ತುಂಬಿದ್ದು ಅವಳ ಡಿಪಾರ್ಟ್‌ಮೆಂಟು, ಖಾಲಿದು ನಂದು," ಎಂದು ಮತ್ತೆ ಪೇಪರ್ ಬಿಚ್ಚಿದರು.

ತೋಳು

ರವಿಕೆಯ ತೋಳು ಬಿಗಿಯಾಗತೊಡಗಿತು. ಟೈಲರ್ ಒಂದು ಹೊಲಿಗೆ ಬಿಚ್ಚಿಕೊಟ್ಟ. ಸ್ವಲ್ಪ ದಿನಕ್ಕೆ ಮತ್ತೆ ಬಿಗಿಯಾಯಿತು, ಗೊಣಗುತ್ತ ಇನ್ನೊಂದು ಬಿಚ್ಚಿಕೊಟ್ಟ. ಆಮೇಲೂ ಹೋದಾಗ ಅವನ ಸಹನೆ ಮುಗಿದಿತ್ತು. ಒಳಗೆ ಬಟ್ಟೆಯೇ ಉಳಿದಿಲ್ಲ ಮೇಡಂ, ಹೆಣ್ಣುಮಕ್ಕಳ ತೋಳು ಅಂದರೆ ಒಂದು ಲಕ್ಷಣ ಇರಬೇಕು, ಜಿಮ್ಮಾದರೂ ಬಿಡಿ, ಈ ರವಿಕೆಯಾದರೂ ಬಿಡಿ ಎಂದ.

ನಾನು ಆ ಟೈಲರನ್ನೇ ಬಿಟ್ಟೆ.

ಅಕ್ಕಿರೊಟ್ಟಿ

ಊರನ್ನು ಎದುರಿಸಿದ್ದೆ, ಮನೆಯಲ್ಲಿ ನಮ್ಮತ್ತೆ ಉಳಿದಿದ್ದರು. ಅವರು ಸೊರಬದ ಕಡೆಯವರು, ಉಳವಿಯ ಹೆಣ್ಣುಮಗಳು. ಅಡುಗೆಮನೆ ಇವತ್ತಿಗೂ ಅವರದೇ. ನಾನು ಜಿಮ್ಮಿಗೆ ಹೊರಟರೆ ಮುಖ ತಿರುಗಿಸುತ್ತಿದ್ದರು. ಸೊಸೆ ಹಮಾಲಿ ಮಾಡ್ತಾಳಾ ಎಂದು ನೆಂಟರು ಕೇಳಿದರೆ ಏನು ಹೇಳುವುದು ಎನ್ನುವುದು ಅವರ ಚಿಂತೆ.

ಕಟ್ಟಡದ ಯಜಮಾನರಿಗೆ ಇದು ಹೇಗೋ ತಿಳಿಯಿತು. ಹಿರಿಯರೊಬ್ಬರು ಬಂದು ಒಬ್ಬ ಸೊಸೆಯನ್ನು ಎಬ್ಬಿಸಿಕೊಂಡು ಹೋದರೆ ಉಳಿದವರು ತಾವಾಗಿಯೇ ನಿಲ್ಲುತ್ತಾರೆ, ಬೋರ್ಡು ತೆಗೆಸುವುದು ಸುಲಭ ಎಂದು ಅವರ ಎಣಿಕೆ. ಒಂದು ಸಂಜೆ ಅತ್ತೆಯನ್ನು ತಾವೇ ಕರೆದುಕೊಂಡು ಮೆಟ್ಟಿಲು ಹತ್ತಿಸಿ ಬಂದರು. ಅತ್ತೆ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಬೆಂಚಿನ ಮೇಲೆ ಕೂತರು.

ನಾನು ಆಗತಾನೇ, ಎರಡೂ ತುದಿಗೆ ಭಾರದ ಬಿಲ್ಲೆ ಸೇರಿಸಿ ನೆಲದ ಮೇಲಿಟ್ಟಿದ್ದ ಕಬ್ಬಿಣದ ಸರಳಿಗೆ ಕೈ ಹಾಕಿದ್ದೆ. ಅದನ್ನು ಸೊಂಟದ ತನಕ ಎತ್ತಿ ನೆಟ್ಟಗೆ ನಿಲ್ಲಬೇಕು. ಹಿಂದಿನ ದಿನ ಎತ್ತಿದ ಭಾರವೇ, ಹೊಸದೇನಲ್ಲ. ಆದರೆ ನನ್ನ ಕಣ್ಣು ಸರಳಿನ ಮೇಲಿರದೆ ಅತ್ತೆಯ ಮುಖದ ಮೇಲಿತ್ತು. ಸರಳು ಮೊಣಕಾಲಿನವರೆಗೆ ಬಂದು, ಗೊಬ್ಬರದಂಗಡಿಯವರೂ ಬೆಚ್ಚಿಬೀಳುವಂತೆ ಧಡ್ ಎಂದು ಬಿತ್ತು.

ಯಜಮಾನರಿಗೆ ಖುಷಿಯಾಯಿತು. "ನೋಡಿದ್ರೇನಮ್ಮಾ? ಮೈಯಾಗ ಕಸುವಿಲ್ಲ, ಬರೇ ಹಠ."

ಅವಮಾನದಿಂದ ನನ್ನ ಕಣ್ಣು ತುಂಬಿತು. ಇವತ್ತಿಗೆ ನಮ್ಮ ಗಂಟೆ ಮುಗಿಯಿತು ಎಂದುಕೊಂಡೆ. ಅತ್ತೆ ಚೀಲ ಕೆಳಗಿಟ್ಟು ಎದ್ದರು. ಎದ್ದದ್ದು ನನ್ನ ಕಡೆಗಲ್ಲ, ಯಜಮಾನರ ಕಡೆಗೆ.

"ಕಸುವಿಲ್ಲ ಅಂದ್ರೆ ಎಂತ? ಮನೇಲಿ ಅಡುಗೆ ಮಾಡಿ ಹಾಕೋದು ನಾನು. ನಾನು ಸೊಸೆಗೆ ಹೊಟ್ಟೆಗೆ ಹಾಕೋದಿಲ್ಲ ಅಂತಲಾ ನೀವು ಹೇಳೋದು?"

ಹಂಗಲ್ಲ ಎಂದು ಅವರು ತೊದಲುತ್ತಿದ್ದರು. ಅತ್ತೆ ಕೇಳಿಸಿಕೊಳ್ಳದೆ ನನ್ನ ಕಡೆ ತಿರುಗಿದರು.

"ಏಯ್, ಎತ್ತೇ ಅದನ್ನ. ಬೆಳಗ್ಗೆ ತಿಂದ ಅಕ್ಕಿರೊಟ್ಟಿ ಎಲ್ಲಿ ಹೋತು? ಮನೆ ಮರ್ಯಾದೆ ತೆಗೀಬೇಡ."

ಎತ್ತಿದರೆ ಮರ್ಯಾದೆ ಹೋಗುತ್ತದೆ ಎಂದು ನಿನ್ನೆವರೆಗೆ ಹೇಳುತ್ತಿದ್ದವರು ಇವರೇ. ನನಗೆ ಅಳುವಿನ ನಡುವೆಯೇ ನಗು ಬಂತು. ಪಕ್ಕದ ಮನೆಯಾಕೆ ನನ್ನ ಬೆನ್ನಿನ ಹಿಂದೆ ಬಂದು ನಿಂತು, ಎತ್ತ್ರೀ, ನಾವಿದೀವಿ ಎಂದರು. ಹಲ್ಲು ಕಚ್ಚಿ ಎಳೆದೆ. ಸರಳು ಮೊಣಕಾಲು ದಾಟಿತು, ಸೊಂಟಕ್ಕೆ ಬಂತು. ನೆಟ್ಟಗೆ ನಿಂತು ಯಜಮಾನರನ್ನೇ ನೋಡಿದೆ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆ ಚಪ್ಪಾಳೆ ತಟ್ಟಲಿಲ್ಲ. ಇನ್ನೊಂದು ಬಿಲ್ಲೆ ಸೇರಿಸು, ನಾಳೆ ಇವಳಿಗೆ ರೊಟ್ಟಿಗೆ ತುಪ್ಪ ಹಾಕಿ ಕಳಿಸುತ್ತೇನೆ ಎಂದು ಕೋಚ್‌ಗೆ ಹೇಳಿದರು.

ಆಮೇಲೆ ಯಜಮಾನರಿಗೆ ಸರಳನ್ನು ತೋರಿಸಿ, ಈಗ ನೀವೊಂದು ಸಲ ಎತ್ತಿ, ನೋಡೋಣ ಎಂದರು. ಅವರು ತಮಗೆ ಬಹಳ ದಿನದಿಂದ ಸೊಂಟನೋವು ಎನ್ನುತ್ತ ಮೆಟ್ಟಿಲ ಕಡೆ ಸರಿದರು. ಅತ್ತೆಗೆ ಅವರ ಮೇಲೆ ನಿಜವಾಗಿಯೂ ಕನಿಕರ ಹುಟ್ಟಿತು.

"ಹಾಗಾದ್ರೆ ನಾಳೆಯಿಂದ ನೀವೂ ಬನ್ನಿ ಮಾರಾಯ್ರೆ. ಸಂಜೆ ಮಾತ್ರ ಬರಬೇಡಿ, ಅದು ನಮ್ಮ ಹೆಂಗಸರ ಹೊತ್ತು."